ಮೋಳೆಯ ಅಚ್ಚ

ಹೋದ ವಾರ ಕಿಟಕಿಯ ಸರಳುಗಳಿಗೆ ನಾನೇ ಬಣ್ಣ ಬಳಿದೆ. ಕೈಗೆ ಅಂಟಿದ್ದು ಸೋಪಿಗೆ ಬಗ್ಗಲಿಲ್ಲ. ಮೂಲೆಯ ಸೀಸೆಯಲ್ಲಿ ಉಳಿದಿದ್ದ ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಉರಿ ತಡೆಯಲಾರದೆ ಕೊಬ್ಬರಿ ಎಣ್ಣೆ ಸವರಿಕೊಂಡೆ. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಂಜನಗೂಡಿನ ನಮ್ಮ ಪಕ್ಕದ ಮನೆಯ ಜಗಲಿ ಕಣ್ಮುಂದೆ ಬಂತು. ಕಾಲು ಚಾಚಿ ಕೂತ ಹುಡುಗಿ, ಅವಳ ಹಿಂದೆ ಕೂತು ಜಡೆ ಹೆಣೆಯುತ್ತಿದ್ದ ಅವಳ ಅಪ್ಪ...

ಅವರನ್ನು ನಾನು ಮಾಮ ಎನ್ನುತ್ತಿದ್ದೆ. ಊಟಿ ರಸ್ತೆಯಲ್ಲಿ ಅವರದೊಂದು ಸ್ಕೂಟರ್ ಗ್ಯಾರೇಜಿತ್ತು. ಹುಟ್ಟಿದ ಊರು ವಯನಾಡಿನ ಕಡೆ. ಮದುವೆಯಾದ ಹೊಸದರಲ್ಲಿ ಕೆಲಸ ಹುಡುಕಿಕೊಂಡು ಹೆಂಡತಿಯೊಡನೆ ಬಂದವರು. ಮಗಳಿಗೆ ಪೋಲಿಯೋ ಆಗಿ ಬಲಗಾಲು ಸೊರಗಿತು. ಅವಳು ಶಾಲೆಗೆ ಸೇರುವ ಮುಂಚೆಯೇ ಹೆಂಡತಿ ಜ್ವರದಲ್ಲಿ ತೀರಿಕೊಂಡರು. ಊರಿನಿಂದ ಮಾಮನ ಅಣ್ಣ ಬಂದು, ಮಗುವನ್ನು ಅಜ್ಜಿಯ ಹತ್ತಿರ ಬಿಡೋಣ, ನೀನೂ ಬಂದುಬಿಡು ಎಂದು ಒತ್ತಾಯ ಮಾಡಿದರಂತೆ. ಆದರೆ ಕಾಲಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆ ಇದ್ದದ್ದು ಮೈಸೂರಿನಲ್ಲಿ. ಮಾಮ ಒಪ್ಪಲಿಲ್ಲ. ವಾರವಾರ ಗ್ಯಾರೇಜು ಮುಚ್ಚಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ಹತ್ತುತ್ತಿದ್ದರು.

ಜಡೆ ಹಾಕುವುದನ್ನು ಅವರು ಕಲಿತದ್ದು ನಮ್ಮಮ್ಮನಿಂದ. ಗ್ರೀಸು ಮೆತ್ತಿದ ಕೈಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸೋಪು ಹಾಕಿ ತೊಳೆದು, ಮೂಸಿ ನೋಡಿಕೊಂಡು, ಆಮೇಲೇ ಕೊಬ್ಬರಿ ಎಣ್ಣೆಗೆ ಬೆರಳದ್ದುತ್ತಿದ್ದರು. ಮೊದಮೊದಲು ಜಡೆಯನ್ನು ಹಗ್ಗದ ಹಾಗೆ ಬಿಗಿಯುತ್ತಿದ್ದರು.

"ಅಣ್ಣಾ, ಅದು ನಟ್ಟು ಬೋಲ್ಟಲ್ಲ, ಮಗೀನ ತಲೆ. ಒಸಿ ಸಡ್ಲ ಬುಡಿ" ಎಂದು ಅಮ್ಮ ನಗುತ್ತಿದ್ದಳು.

ಮಗಳನ್ನು ಅವರು 'ಮೋಳೇ' ಎಂದು ಕರೆಯುತ್ತಿದ್ದರು. ಮಲಯಾಳದಲ್ಲಿ ಅದರ ಅರ್ಥ ಮಗಳೇ ಎಂದು. ನಮ್ಮ ಕಿವಿಗೆ ಅದು ಗೋಡೆಗೆ ಹೊಡೆಯುವ ಮೊಳೆಯಾಗಿಯೇ ಕೇಳುತ್ತಿತ್ತು. ಮೆಕ್ಯಾನಿಕ್ಕಿನ ಮಗಳಿಗೆ ಸರಿಯಾದ ಹೆಸರೇ ಎಂದುಕೊಂಡಿದ್ದೆವು. ಹೀಗೆ ಬೀದಿಗೆಲ್ಲ ಅವಳು ಮೋಳೆಯಾದಳು. ಅವಳಿಗೆ ಅಪ್ಪ 'ಅಚ್ಚ'.

ಸಂಜೆ, ಮೈಸೂರಿನಿಂದ ವಯನಾಡಿಗೆ ಹೋಗುವ ಬಸ್ಸು ಗ್ಯಾರೇಜಿನ ಮುಂದೆಯೇ ಹಾದುಹೋಗುತ್ತಿತ್ತು. ಎಂಥ ಕೆಲಸ ಕೈಯಲ್ಲಿದ್ದರೂ ಮಾಮ ಎದ್ದು ರಸ್ತೆಯಂಚಿಗೆ ಬರುತ್ತಿದ್ದರು. ಡ್ರೈವರು ಹಾರ್ನ್ ಮಾಡಿ ಕೈಯೆತ್ತುತ್ತಿದ್ದ. ಬಸ್ಸು ಕಣ್ಮರೆಯಾದ ಮೇಲೂ ಅವರು ಅಲ್ಲೇ ನಿಂತಿರುತ್ತಿದ್ದರು... ಊರಿಗೆ ಹೋಗಬೇಕು ಅನ್ನಿಸುತ್ತಾ ಮಾಮ ಎಂದು ಒಮ್ಮೆ ಕೇಳಿದ್ದೆ.

"ಇವಳು ಒಂದು ದಡ ಸೇರ್ಲಿ ಕಣವ್ವಾ. ಆಮೇಲೆ ಒಂಟೋಗ್ಬುಡ್ತೀನಿ."

ಅಷ್ಟು ಹೊತ್ತಿಗೆ ಅವರ ಮಾತು ನಮ್ಮ ಬೀದಿಯ ಮಾತೇ ಆಗಿಹೋಗಿತ್ತು.

ನಾವಿಬ್ಬರೂ ಕಾಲೇಜಿಗೆ ಸೇರಿದ ವರ್ಷ ಮಾಮ ಒಂದು ಹಳೆಯ ಸ್ಕೂಟರ್ ತಂದರು. ಹಿಂದೆ ಎರಡೂ ಕಡೆ ಒಂದೊಂದು ಚಕ್ರ ಕೂರಿಸಿದರು. ಕಾಲಿನ ಬ್ರೇಕನ್ನು ಕೈಗೆ ತಂದರು. ಕಿಕ್ಕರ್ ಒಂದು ಮಾತ್ರ ಬಗೆಹರಿಯಲಿಲ್ಲ. "ಅದ್ಕೆ ನೀನಿದ್ದೀಯಲ್ಲವ್ವಾ" ಎಂದು ನನ್ನ ಬೆನ್ನು ತಟ್ಟಿದರು. ನಾನು ಕಿಕ್ ಹೊಡೆಯುವುದು, ಮೋಳೆ ಓಡಿಸುವುದು. ಅಲ್ಲಿಯವರೆಗೆ ಗೋಡೆ ಹಿಡಿದು, ಇನ್ನೊಬ್ಬರ ಭುಜ ಹಿಡಿದು ನಡೆದವಳು ಗಾಳಿಗೆ ದುಪಟ್ಟಾ ಹಾರಿಸಿಕೊಂಡು ಹೋಗುವಾಗ ಹಿಂದೆ ಕೂತ ನನಗೂ ರೆಕ್ಕೆ ಬಂದಂತಿರುತ್ತಿತ್ತು.

ಕೆಲವು ದಿನವಾದ ಮೇಲೆ ಗಮನಿಸಿದೆವು. ನಮ್ಮಿಂದ ಬಹಳ ಹಿಂದೆ, ಒಂದು ಟ್ಯೂಬನ್ನು ಕೊರಳಿಗೆ ಹಾಕಿಕೊಂಡು, ಮಾಮ ಸೈಕಲ್ ತುಳಿಯುತ್ತ ಬರುತ್ತಿದ್ದರು. ನಾವು ತಿರುಗಿದರೆ ಬೇರೆಲ್ಲೋ ನೋಡುತ್ತಿದ್ದರು. ಸಂಜೆ ಮೋಳೆ ಜಗಲಿಯ ಮೇಲೆ ಕೂತು ಕೇಳಿದಳು: "ಅಚ್ಚ, ಈ ಊರಲ್ಲಿ ದಿನಾ ಕಾಲೇಜ್ ಗೇಟ್ ಹತ್ರಾನೇ ಪಂಚರ್ ಆಗುತ್ತಾ?"

ಮಾಮ ತಲೆ ಕೆರೆದುಕೊಂಡು ನಕ್ಕರು. ಮಾರನೆಯ ದಿನದಿಂದ ಬರಲಿಲ್ಲ. ಗ್ಯಾರೇಜಿನ ಮುಂದೆ ನಿಂತು, ಸ್ಕೂಟರಿನ ಸದ್ದು ಅಡಗುವವರೆಗೂ ಕೇಳಿಸಿಕೊಳ್ಳುತ್ತಾರೆ ಎಂದು ಎದುರಿನ ಹೋಟೆಲಿನವರು ಹೇಳಿದರು.

ಮೋಳೆಗೆ ತಿರುಮಕೂಡಲು ನರಸೀಪುರದಲ್ಲಿ ಟೀಚರ್ ಕೆಲಸ ಸಿಕ್ಕಿತು. ಜೊತೆಯ ಮೇಷ್ಟರೊಬ್ಬರನ್ನು ಮೆಚ್ಚಿ ಮದುವೆಯಾದಳು. ಮಗಳು ದಡ ಸೇರಿದ್ದಳು. ಮಾಮ ಗ್ಯಾರೇಜು ಖಾಲಿ ಮಾಡಿ, ವಯನಾಡಿನ ಅದೇ ಸಂಜೆ ಬಸ್ಸು ಹತ್ತಿದರು. ನಮ್ಮ ಬೀದಿಯವರೆಲ್ಲ ಹೋಗಿ ಬೀಳ್ಕೊಟ್ಟೆವು. ಮೋಳೆ ಅಳಲಿಲ್ಲ. ನನ್ನ ಕೈಯನ್ನು ಮಾತ್ರ ನೋಯುವಷ್ಟು ಹಿಡಿದಿದ್ದಳು.

ತಿಂಗಳು ತುಂಬುವುದರೊಳಗೆ ಅವರು ವಾಪಸ್ ಬಂದರು. ಮಗಳ ಗಾಡಿಯ ಬ್ರೇಕು ನೋಡುವವರು ಯಾರೂ ಇಲ್ಲವಲ್ಲ ಎಂದು ಎಲ್ಲರ ಹತ್ತಿರವೂ ಹೇಳಿದರು. ನರಸೀಪುರದಲ್ಲಿ ಅವಳ ಮನೆಯ ಪಕ್ಕದಲ್ಲೇ ಒಂದು ಮಳಿಗೆ ಹಿಡಿದರು. ಮೋಳೆಗೆ ಹೆಣ್ಣುಮಗುವಾದ ಮೇಲೆ ನಾನು ನೋಡಲು ಹೋದಾಗ ಮಾಮ ಚಹಾ ತರಿಸಿಕೊಟ್ಟು, ಲೋಟವನ್ನೇ ನೋಡುತ್ತ ಹೇಳಿದರು:

"ನಮ್ಮೂರಿನ ಚಾ ಅಂಗ್ಡೀಲಿ ಕೂತಿದ್ದೆ ಕಣವ್ವಾ. ನೀವು ಮೈಸೂರಿನ ಕಡೆಯೋರಾ ಅಂತ ಕೇಳ್ಬುಟ್ರು."

ಇಲ್ಲಿ ಚೆನ್ನಾಗಿದೆಯಾ ಮಾಮ ಎಂದೆ. "ಮಗಳವಳೆ, ಮೊಮ್ಮಗಳವಳೆ. ಇನ್ನೇನ್ ಬೇಕು?" ಎಂದರು. ರಸ್ತೆಯ ಕಡೆ ತಿರುಗಿ, "ಆ ಬಸ್ಸು ಈ ರೋಡ್ಗೆ ಬರಕಿಲ್ಲ, ಅದೊಂದೇಯ..." ಎಂದರು.

ಅವರು ತೀರಿಕೊಂಡದ್ದು ಅದಾಗಿ ಕೆಲವು ವರ್ಷಗಳಿಗೆ. ಒಂದು ಬೆಳಿಗ್ಗೆ ಮೋಳೆಯ ಸ್ಕೂಟರಿಗೆ ಗಾಳಿ ಹಾಕಿ, ಅವಳನ್ನು ಶಾಲೆಗೆ ಕಳಿಸಿ, ಒಳಗೆ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಸುದ್ದಿ ತಿಳಿದ ಮಾಮನ ಅಣ್ಣ, ದೇಹವನ್ನು ಊರಿಗೇ ತನ್ನಿ, ಅವನ ಅಮ್ಮನ ಸಮಾಧಿಯ ಪಕ್ಕದಲ್ಲಿ ಜಾಗವಿದೆ ಎಂದು ಫೋನಿನಲ್ಲಿ ಅತ್ತರಂತೆ. ನಾನು ತಲುಪುವ ಹೊತ್ತಿಗೆ ಮೋಳೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕಳಿಸೋಕೆ ಆಗಲ್ಲ ಕಣೇ" ಎಂದಳು. "ಇಷ್ಟು ವರ್ಷ ನನಗೋಸ್ಕರ ಇದ್ದರು. ಇವತ್ತೂ ಇರಲಿ."

ನರಸೀಪುರದಲ್ಲೇ, ಹೊಳೆಯ ದಡದಲ್ಲಿ ಸಂಸ್ಕಾರವಾಯಿತು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳು ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ.

ಬಣ್ಣ ಬಳಿದ ಮರುದಿನ ತಡೆಯಲಾರದೆ ಅವಳ ಮನೆಗೆ ಹೋದೆ. ಅಂಗಳದಲ್ಲಿ ಅವಳ ಮಗಳ ಸೈಕಲ್ಲಿನ ಚೈನು ಕಳಚಿಕೊಂಡಿತ್ತು. ನಾವಿಬ್ಬರೂ ನೆಲದ ಮೇಲೆ ಕೂತು ಎಷ್ಟು ಹೆಣಗಿದರೂ ಅದು ಹಲ್ಲಿಗೆ ಕೂರಲಿಲ್ಲ.

"ಇದೊಂದನ್ನ ಕಲೀಲೇ ಇಲ್ಲ ನೋಡು" ಎಂದಳು ಮೋಳೆ. "ಅಚ್ಚ ಇದ್ದಾರಲ್ಲ ಅಂತ..."

ಹುಡುಗಿ ನಮ್ಮಿಬ್ಬರ ಮುಖ ನೋಡಿ, ಬೀದಿಯ ಕೊನೆಯಲ್ಲಿರುವ ಸೈಕಲ್ ಶಾಪಿಗೆ ಸೈಕಲ್ ತಳ್ಳಿಕೊಂಡು ಹೊರಟಳು.