ಟೀಮ್‌ವರ್ಕ್ ಕಾಲಂನಲ್ಲಿ ನಾನು ಬರೆದದ್ದು

ತೀರ್ಥಹಳ್ಳಿಯಲ್ಲಿ ನಾನೀಗ ಕೆಲಸ ಹುಡುಕುವ ಹುಡುಗಿಯರಿಗೆ ಇಂಟರ್‌ವ್ಯೂ ಇಂಗ್ಲಿಷ್ ಕಲಿಸುತ್ತೇನೆ. ವರ್ಕ್ ಕಲ್ಚರ್, ಫೀಡ್‌ಬ್ಯಾಕ್, ಫ್ಲೆಕ್ಸಿಬಲ್ ಟೈಮಿಂಗ್ ಎಂದೆಲ್ಲ ಬೋರ್ಡಿನ ಮೇಲೆ ಬರೆದರೆ ಅವರು ಶ್ರದ್ಧೆಯಿಂದ ಇಳಿಸಿಕೊಳ್ಳುತ್ತಾರೆ. ಪ್ರತಿ ಮಾತಿಗೂ ನನ್ನ ಅನುಭವದ್ದೇ ಉದಾಹರಣೆ ಕೊಡುತ್ತೇನೆ. ಟೀಮ್‌ವರ್ಕ್ ಬಂದಾಗ ಮಾತ್ರ ಕ್ರಿಕೆಟ್ಟಿನ ಮಾತಾಡಿ ಜಾರಿಕೊಳ್ಳುತ್ತೇನೆ. ಅದಕ್ಕಿಂತ ಒಳ್ಳೆಯದೊಂದು ನನ್ನ ಬಳಿ ಇದೆ, ಹೇಳಲು ನಾಚಿಕೆ.

ಹಿಂದೆ ನಾನು ರಿಪ್ಪನ್‌ಪೇಟೆಯ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕಿದ್ದೆ. ಕಳೆ ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಪಂಪು, ಅವುಗಳ ಬಿಡಿಭಾಗ ಮಾರುವ ಅಂಗಡಿ. ಮುಖ್ಯ ಕಚೇರಿ ಸಾಗರದಲ್ಲಿ. ನಾವು ಮೂವರು: ಮ್ಯಾನೇಜರ್, ಅಲ್ಲೇ ಪೇಟೆಯಲ್ಲಿ ಮನೆಯಿದ್ದ ನಾನು, ಬಿಡಿಭಾಗದ ಕೌಂಟರಿನಲ್ಲಿ ಒಬ್ಬರು ಅಕ್ಕ. ಅಕ್ಕನ ಮನೆ ಮೇಳಿಗೆಯ ಹತ್ತಿರ. ನಾಲ್ಕೂವರೆಯ ಬಸ್ಸು ತಪ್ಪಿದರೆ ತೀರ್ಥಹಳ್ಳಿಯಲ್ಲಿ ಅವರೂರಿನ ಕೊನೆಯ ಬಸ್ಸು ಸಿಗುತ್ತಿರಲಿಲ್ಲ. ಹಾಗಾಗಿ ನಾಲ್ಕೂಕಾಲಿಗೆ ಅವರು ಕೌಂಟರಿನ ಕೀಲಿಕೈ ನನ್ನ ಮೇಜಿನ ಮೇಲಿಟ್ಟು ಎದ್ದರೆ, ಐದೂವರೆಯವರೆಗೆ ಅವರ ಕೌಂಟರ್ ನನ್ನದು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ನಾವು ಬರುವ ಒಂದೂವರೆ ಗಂಟೆ ಮೊದಲೇ ಬಾಗಿಲು ತೆಗೆಯುವುದು ಅವರ ಪಾಲು. ಈಗ ಇದಕ್ಕೆ ಏನೇನೋ ಹೆಸರಿದೆ. ನಮ್ಮಲ್ಲಿ ಯಾರೂ ಕೂತು ಮಾಡಿದ ನಿಯಮವಲ್ಲ ಅದು. ನಾಲ್ಕು ಗಂಟೆಯಾದರೆ ಗಿರಾಕಿಗಳೇ ಬಸ್ಸಾಯ್ತಲ್ಲ ಎಂದು ಅವರನ್ನು ಎಬ್ಬಿಸುತ್ತಿದ್ದರು.

ಯಂತ್ರ ಕೆಟ್ಟವರು ಬೆಳ್ಳಂಬೆಳಿಗ್ಗೆ ಎಣ್ಣೆ ಮೆತ್ತಿದ ಕೈಯಲ್ಲೇ ಬಂದು ನಿಂತಿರುತ್ತಿದ್ದರು. ಅಕ್ಕ ತುಂಡಾದ ಭಾಗವನ್ನು ತಿರುಗಿಸಿ ನೋಡಿ, ಪುಸ್ತಕ ತೆರೆಯದೆ ಸರಿಯಾದದ್ದನ್ನೇ ತೆಗೆದುಕೊಡುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವರ ಚಟ್ನಿಗೆ ಮ್ಯಾನೇಜರ್ ಕೈ ಮೊದಲು. ಆ ಅಂಗಡಿಯ ಪೆಟ್ರೋಲ್ ವಾಸನೆಯೂ ಈಗ ನನಗೆ ಪ್ರೀತಿಯದು. ಅಂಥ ಜಾಗ ನನಗೆ ಮತ್ತೆ ಸಿಗಲಿಲ್ಲ.

ಒಂದು ವರ್ಷ ಸಾಗರದಿಂದ, ಯಾರ ಕೆಲಸ ಹೇಗಿದೆ ಎಂದು ಬರೆದು ಕಳಿಸುವ ಫಾರಂ ಬಂತು, ಎಲ್ಲ ಇಂಗ್ಲಿಷಿನಲ್ಲಿ. ಅಕ್ಕನನ್ನು ಕೌಂಟರಿನ ಇನ್‌ಚಾರ್ಜ್ ಮಾಡಿ ಎಂದು ಮ್ಯಾನೇಜರ್ ಕೇಳಿದ್ದರು. ಫಾರಂ ನೋಡಿ ಹೇಳುತ್ತೇವೆ ಎಂದು ಸಾಗರದವರು ಅಂದಿದ್ದರಂತೆ. ನನ್ನ ಇಂಗ್ಲಿಷಿನ ಜಂಬ ಪೇಟೆಗೆಲ್ಲ ಗೊತ್ತಿದ್ದದ್ದೇ, ತುಂಬುವ ಕೆಲಸ ನನಗೇ ಬಂತು. ಟೀಮ್‌ವರ್ಕ್ ಕಾಲಂನಲ್ಲಿ ಉದಾಹರಣೆ ಕೇಳಿದ್ದರು. ಹಿಗ್ಗಿನಿಂದ ಬರೆದೆ: ಇವರು ದಿನಾ ನಾಲ್ಕೂಕಾಲಿಗೆ ಹೊರಡುತ್ತಾರೆ, ಆಮೇಲಿನ ಕೆಲಸವನ್ನು ನಾವು ಸಂತೋಷದಿಂದ ಮಾಡುತ್ತೇವೆ. ಬೆಳಿಗ್ಗೆ ಬಾಗಿಲು ತೆಗೆಯುವುದನ್ನು ಬರೆಯಲಿಲ್ಲ. ಅದು ಎಷ್ಟು ರೂಢಿಯಾಗಿತ್ತೆಂದರೆ, ಬರೆಯುವಂಥ ವಿಷಯ ಅನ್ನಿಸಲೇ ಇಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಹದಿನೈದು ದಿನಕ್ಕೆ ಉತ್ತರ ಬಂತು: ಮುಂದಿನ ತಿಂಗಳಿಂದ ಎಲ್ಲರೂ ಹತ್ತರಿಂದ ಐದೂವರೆಯವರೆಗೆ ಇರಲೇಬೇಕು. ಮ್ಯಾನೇಜರ್ ಫೋನಿನಲ್ಲಿ ಗೋಗರೆದು ಬೆಳಗಿನ ವಿಷಯ ಹೇಳಿದರು. ಅದು ಫಾರಂನಲ್ಲಿ ಇಲ್ಲವಲ್ಲ ಎಂದು ಅತ್ತಲಿಂದ ಕೇಳಿದರಂತೆ. ಅಕ್ಕನಿಗೆ ಬೇರೆ ದಾರಿ ಇರಲಿಲ್ಲ, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದರು. ಫಾರಂ ಬರೆದದ್ದು ಮ್ಯಾನೇಜರ್ ಎಂದೇ ಅವರು ತಿಳಿದಿದ್ದಾರೆ ಅಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ತಿಂಗಳೆಲ್ಲ ಅವರ ಮುಖ ನೋಡದೆ ಊಟ ಮಾಡಿದೆ.

ಕೊನೆಯ ದಿನ ನಾಲ್ಕೂಕಾಲಾದರೂ ಅವರು ಏಳಲಿಲ್ಲ. ಬಿಡಿಭಾಗದ ಡಬ್ಬಗಳಿಗೆ ಹೆಸರಿನ ಚೀಟಿ ಅಂಟಿಸುತ್ತಾ ಕೂತಿದ್ದರು, ನಾಳೆಯಿಂದ ನನಗೆ ಹುಡುಕಲು ಸುಲಭವಾಗಲಿ ಎಂದು. ನನಗೆ ತಡೆಯಲಾಗಲಿಲ್ಲ. ಅದನ್ನು ಬರೆದವಳು ನಾನೇ ಎಂದು ಹೇಳಿ ಅತ್ತುಬಿಟ್ಟೆ.

"ಗೊತ್ತು ಮಾರಾಯ್ತಿ. ಕಳ್ಸೋ ಮೊದ್ಲು ಮೇಜಿನ ಮೇಲಿತ್ತಲ್ಲ, ಒಂದೊಂದೇ ಅಕ್ಷರ ಕೂಡ್ಸಿ ಓದ್ದೆ. ನಮ್ಮನ್ನ ಎಷ್ಟು ಚಂದ ಬರ್ದಾಳೆ ಅಂತ ನಂಗೂ ಖುಷಿ ಆಗಿತ್ತು."

ಹೊರಗೆ ತೀರ್ಥಹಳ್ಳಿಯ ಬಸ್ಸು ಹಾರ್ನ್ ಹಾಕಿ ಹೊರಟಿತು. ನಾನು ಗಾಬರಿಯಿಂದ ಅವರ ಚೀಲ ಎತ್ತಿಕೊಂಡೆ. ಅವರು ಮತ್ತೊಂದು ಚೀಟಿಗೆ ಗೋಂದು ಹಚ್ಚಿದರು.

"ಹೋಗ್ಲಿ ಬಿಡು. ಇವತ್ತು ನಿಮ್ಮನೇಲೇ ಉಳ್ಕೊತೀನಿ, ಮನೇಲಿ ಹೇಳೇ ಬಂದೀನಿ."