ಒತ್ತು, ಹಿಡಿ, ಬಿಡು

ನಮ್ಮನೆಯವರಿಗೆ ಕಾರಿನ ಮೇಲಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಇದನ್ನು ನಾನು ದೇವರ ಮನೆಯಲ್ಲಿ ನಿಂತೇ ಎಷ್ಟೋ ಸಲ ಹೇಳಿದ್ದೇನೆ. ಮದುವೆಯಾದ ಹೊಸತರಲ್ಲಿ ಕೊಂಡ ಗಾಡಿ ಅದು. ಹೆಣ್ಣುಮಕ್ಕಳಿಬ್ಬರೂ ಅದರ ಹಿಂದಿನ ಸೀಟಿನಲ್ಲಿ ಜಗಳಾಡುತ್ತಲೇ ಬೆಳೆದು, ಮದುವೆಯಾಗಿ ತಮ್ಮ ತಮ್ಮ ಮನೆ ಸೇರಿದರು. ಕಾರು ಮಾತ್ರ ಸನತ್‌ನಗರದ ನಮ್ಮ ಮನೆಯ ಮುಂದೆ, ತಗಡಿನ ಚಪ್ಪರದ ಕೆಳಗೆ ಹಾಗೇ ಉಳಿಯಿತು. ಅದರ ಮೇಲೆ ಧೂಳು ಕೂತರೆ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಅವರು ಬಾಲಾನಗರದ ಕಾರ್ಖಾನೆಯೊಂದರಲ್ಲಿ ವಿಮಾನದ ಮೀಟರುಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಇಡೀ ನೌಕರಿ ಕಳೆದವರು. ಹಾಗಾಗಿ ಲೋಕದಲ್ಲಿ ಏನೇ ಕೆಟ್ಟರೂ ದೋಷವನ್ನು ಯಂತ್ರದಲ್ಲೇ ಹುಡುಕುವ ಚಾಳಿ. ರೊಟ್ಟಿ ಸೀದರೆ ನನ್ನನ್ನು ಬೈಯುವವರಲ್ಲ, ಒಲೆ ಬಿಚ್ಚುವವರು. ಇದನ್ನು ನಾನು ಬಹಳ ವರ್ಷ ನನ್ನ ಪುಣ್ಯ ಅಂದುಕೊಂಡಿದ್ದೆ. ಸಕ್ಕರೆ ಕಾಯಿಲೆ ಬಂದು ಹಳೆಯದಾದ ಮೇಲೆ ಒಂದು ದಿನ ಸಂತೆಗೆ ಹೋದವರು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು. ಇನ್ನೊಂದು ದಾರಿಯಲ್ಲಿ ಕಳಚಿ ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಉಳಿದ ಚಪ್ಪಲಿಯನ್ನು ತಿರುವಿ ಮುರುವಿ ನೋಡಿ, "ಪಟ್ಟಿ ಸಡಿಲ ಐತಿ" ಅಂದರು.

ನನ್ನ ಅಕ್ಕ ಇರುವುದು ಊರಿನ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಭಾನುವಾರ ಬಂತೆಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಡಬ್ಬಿಗೆ ತುಂಬಿಕೊಂಡು ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಅಂಥ ಒಂದು ಭಾನುವಾರ, ಜಿಟಿಜಿಟಿ ಮಳೆ. ಬಾಲಾನಗರದ ಸಿಗ್ನಲ್ಲಿನಲ್ಲಿ ಮುಂದಿದ್ದ ಆಟೋ ನಿಂತಿತು, ನಮ್ಮ ಕಾರು ನಿಲ್ಲಲಿಲ್ಲ. ನಿಲ್ಲುವುದಿರಲಿ, ಒಂದು ಕ್ಷಣ ಮುಂದಕ್ಕೆ ಜಿಗಿದ ಹಾಗೆ ನನಗನಿಸಿತು. ಆಟೋದಲ್ಲಿ ಬಾಣಂತಿಯೊಬ್ಬಳು ಕೂತಿದ್ದಳು. ಗುದ್ದಿದ ರಭಸಕ್ಕೆ ಮಡಿಲಿನ ಕೂಸು ಜಾರಿತು, ಅವಳು ಹೇಗೋ ಅದರ ಬಟ್ಟೆ ಹಿಡಿದುಕೊಂಡಳು. ಯಾರಿಗೂ ಏನೂ ಆಗಲಿಲ್ಲ. ಆಟೋದವನು ಇಳಿದು ಬಂದು, "ಕಂಡ್ಲು ಕನಬಡ್ತಲೇವಾ?" ಎಂದು ತೆಲುಗಿನಲ್ಲಿ ಕೂಗಿದ. ಇವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದವು, ಅದು ನನಗೂ ಗೊತ್ತು. ಹೋದ ವರ್ಷವೇ ಪೊರೆಯ ಆಪರೇಷನ್ ಆಗಿತ್ತು.

"ಡ್ರಮ್ಮಿನ್ಯಾಗ ನೀರು ಹೊಕ್ಕಾವು" ಅಂದರು ಇವರು. ಮುಖ ಬಿಳಿಚಿತ್ತು. "ಹಳೇ ಬ್ರೇಕು. ತೊಯ್ದ್ರ ಹಿಡಿಯಂಗಿಲ್ಲ."

ನಾನು ನಂಬಿದೆ. ಹಳೆಯ ಗಾಡಿಗಳ ಬ್ರೇಕು ಗಾಲಿಯೊಳಗಿನ ಡ್ರಮ್ ಎಂಬ ಡಬ್ಬಿಯಲ್ಲಿರುತ್ತದೆ, ನೀರು ಹೊಕ್ಕರೆ ಜಾರುತ್ತದೆ, ಅದು ಸುಳ್ಳಲ್ಲ. ಆದರೆ ಆ ಕೂಸು ಜಾರಿದ್ದು ನನ್ನ ಕಣ್ಣಿನಿಂದ ಹೋಗಲಿಲ್ಲ. ಮನೆಗೆ ಬಂದವಳೇ ಹೇಳಿಬಿಟ್ಟೆ: "ಈ ಗಾಡಿ ನಿಲ್ಲೂ ಜಾಗಾದಾಗ ನಿಲ್ಲೂತನಕಾ ನಾ ಇದರಾಗ ಹತ್ತಂಗಿಲ್ಲ. ನೀವೂ ಹತ್ತಬ್ಯಾಡ್ರಿ. ಯಾರದರೆ ಜೀವ ಹೋದ್ರ ನಾವು ಹೆಂಗ ಬದುಕೂದು?"

ಮಕ್ಕಳಿಬ್ಬರೂ ಫೋನಿನಲ್ಲಿ ಮಾರಿಬಿಡಿ ಅಂದರು. ಓಣಿಯ ಮೆಕ್ಯಾನಿಕ್ಕೂ ಅದನ್ನೇ ಅಂದ. ಎರಡು ದಿನ ಬಿಟ್ಟು ಒಂದು ಬೆಳಿಗ್ಗೆ ಇವರು ಚಹಾ ಕುಡಿಯುತ್ತ, "ನಿಮ್ಮಕ್ಕನ ಮನಿಗೆ ನಿನ್ನ ನಾ ಕರಕೊಂಡು ಹೋಗಬೇಕು, ಬಾಡಿಗಿ ಗಾಡ್ಯಾಂವ ಅಲ್ಲ" ಅಂದರು. "ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕತೀನಿ. ಈಗಿನ ಗಾಡಿಗೆ ಇರತಾವಲ್ಲ, ಅವು."

ಆ ಚಳಿಗಾಲ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಹಳೆಯ ಗಾಡಿಗೆ ಹೊಸ ಬ್ರೇಕು ಹಾಗೇ ಕೂಡುವುದಿಲ್ಲ, ಅದನ್ನು ಹಿಡಿದು ನಿಲ್ಲಿಸಲು ದಪ್ಪ ಕಬ್ಬಿಣದ ಒಂದು ತುಂಡು ಬೇಕು. ಅದರ ನಕ್ಷೆಯನ್ನು ಇವರು ಊಟದ ಮೇಜಿನ ಮೇಲೆ ಬರೆದರು. ನಾವು ಅಡುಗೆಮನೆಯಲ್ಲಿ ನೆಲದ ಮೇಲೆ ಉಂಡೆವು. ಇಂಡಸ್ಟ್ರಿಯಲ್ ಎಸ್ಟೇಟಿನ ಲೇತ್ ಅಂಗಡಿಯಲ್ಲಿ ಅದನ್ನು ಮಾಡಿಸಿ ತಂದರೆ ಹಳೆಯ ಗಾಲಿ ಹೊಸ ಬ್ರೇಕಿಗೆ ತಾಗತೊಡಗಿತು. ದೊಡ್ಡ ಗಾಲಿ ಹುಡುಕಿ ತಂದರು. ಎಲ್ಲ ಕೂಡಿಸಿ ಗಾಲಿ ತಿರುಗಿಸಿದರೆ ಅದು ಬಿಗಿಯಾಗಿ ತಿರುಗಿತು. ಹಳೆಯ ಡ್ರಮ್ಮಿಗಾಗಿ ಬ್ರೇಕಿನ ಎಣ್ಣೆಯನ್ನು ಸ್ವಲ್ಪ ಒತ್ತಡದಲ್ಲೇ ಹಿಡಿದಿಡುವ ಪುಟ್ಟ ವಾಲ್ವೊಂದು ಒಳಗೆ ಉಳಿದುಬಿಟ್ಟಿತ್ತಂತೆ. ಅದನ್ನು ತಾವೇ ಪತ್ತೆ ಹಚ್ಚಿ ತೆಗೆದ ದಿನ ಅವರು ಸ್ನಾನ ಮಾಡುತ್ತ ಹಾಡು ಗುನುಗಿದರು. ನನಗೆ ಸಿಟ್ಟಿತ್ತು, ಆದರೂ ಆ ಗುನುಗು ಕೇಳಿ ಹಿತವಾಯಿತು. ನಿವೃತ್ತಿಯಾದ ಮೇಲೆ ಕೇಳಿರಲಿಲ್ಲ.

ಕೊನೆಗೆ ಉಳಿದದ್ದು ಹವಾ ತೆಗೆಯುವ ಕೆಲಸ. ಬ್ರೇಕಿನ ಕೊಳವೆಯಲ್ಲಿ ಎಣ್ಣೆಯ ಜೊತೆ ಗಾಳಿ ಸೇರಿದ್ದರೆ ಪೆಡಲ್ ಮೆತ್ತಗಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಕೂತು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಸಣ್ಣ ತೂತು ತೆರೆದು, ಎಣ್ಣೆ ಹೊರಬಂದ ಕೂಡಲೇ ಮುಚ್ಚಬೇಕು. ನಡುವೆ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ.

ಪೆಡಲಿಗೆ ನಾನು. ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಕೂತೆ. "ಒತ್ತು" ಅಂದರೆ ಒತ್ತಬೇಕು, "ಹಿಡಿ" ಅಂದರೆ ಹಿಡಿಯಬೇಕು, "ಬಿಡು" ಅಂದರೆ ಬಿಡಬೇಕು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವರ ಮಾತು ಇಷ್ಟು ಚಾಚೂ ತಪ್ಪದೆ ಕೇಳಿದ್ದು ಅದೇ ಮೊದಲು. ಶುರುವಿನಲ್ಲಿ ಪೆಡಲ್ ನಾದಿದ ಹಿಟ್ಟಿನ ಹಾಗಿತ್ತು. ಬರಬರುತ್ತ ಬಿಗಿಯಾಯಿತು.

"ಗಟ್ಟಿ ಆತ್ರಿ" ಎಂದು ಕೂಗಿದೆ.

ಅವರು ಎದ್ದು ಬಂದು ತಾವೇ ಕೂತು ಒತ್ತಿ ನೋಡಿದರು. "ಎಲ್ಲಿ ಗಟ್ಟಿ? ಕಾಲಿಗೆ ಏನೂ ಹತ್ತವಲ್ದು. ಇನ್ನ ಹವಾ ಐತಿ."

ಮತ್ತೆ ಶುರು. ಮತ್ತೆ ನನಗೆ ಗಟ್ಟಿ, ಅವರಿಗೆ ಮೆತ್ತಗೆ. ಮರುದಿನವೂ ಅದೇ ರಾಮಾಯಣ. ಎಣ್ಣೆಯ ಡಬ್ಬಿಗಳು ಖಾಲಿಯಾದವು, ನನ್ನ ಸೊಂಟ ಹಿಡಿದುಕೊಂಡಿತು. "ನಿನ್ನ ಕಾಲಿಗೇನು ತಿಳೀತೈತಿ?" ಅಂದರು. "ನನ್ನ ಕಾಲಿಗೆ ಕಸಬರಿಗಿ ಕಡ್ಡಿ ಚುಚ್ಚಿದ್ರೂ ತಿಳೀತೈತಿ. ನಿಮ್ಮ ಹಂಗ ಚಪ್ಪಲಿ ಕಳಕೊಂಡು ಬರೂದಿಲ್ಲ" ಅಂದೆ. ಅಂದ ಮೇಲೂ ನನಗೆ ಏನೂ ಹೊಳೆಯಲಿಲ್ಲ. ಬಾಯಿ ಹೇಳಿದ್ದನ್ನು ತಲೆ ಕೇಳಿಸಿಕೊಂಡಿರಲಿಲ್ಲ.

"ಹಂಗಾರ ನೀ ಪಾನಾ ಹಿಡಿ, ನಾ ಪೆಡಲ್ ಹಿಡೀತೀನಿ" ಅಂದರು.

ನಾನು ಎಡಗಡೆಯ ಗಾಲಿಯ ಹತ್ತಿರ ಮಣೆ ಹಾಕಿಕೊಂಡು ಕೂತೆ. ತೂತಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿ ಇಳಿಬಿಟ್ಟಿದ್ದರು. ಅವರ ಆಜ್ಞೆಗಳನ್ನು ಅವರಿಗೇ ಕೊಡುವ ಖುಷಿಯಲ್ಲಿ, "ಒತ್ರಿ!" ಅಂದೆ.

"ಒತ್ತೀನಿ."

ಪಾನಾ ತಿರುಗಿಸಿದೆ. ನಳಿಕೆಯಲ್ಲಿ ಎಣ್ಣೆ ಅಲ್ಲಾಡಲಿಲ್ಲ.

"ಇನ್ನ ಜೋರ ಒತ್ರಿ."

"ಪೂರಾ ಒತ್ತೀನಿ. ನೆಲಕ್ಕ ಹತ್ತೈತಿ. ನಾ ಹೇಳಲಿಲ್ಲೇನು, ಏನೂ ಇಲ್ಲ ಇದರಾಗ!"

ತೂತು ಮುಚ್ಚಿ ಎದ್ದು ನಿಂತು, ತೆರೆದಿದ್ದ ಬಾಗಿಲಿನಿಂದ ಒಳಗೆ ಬಗ್ಗಿ ನೋಡಿದೆ. ಅವರ ಕಾಲು ಬ್ರೇಕಿನ ಮೇಲೆ ಇರಲಿಲ್ಲ. ಪಕ್ಕದ ಎಕ್ಸಲರೇಟರಿನ ಮೇಲಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಇಂಜಿನ್ ಬಂದಾಗಿದ್ದರಿಂದ ಸದ್ದಿರಲಿಲ್ಲ. ಮುಖ ಮಾತ್ರ ನೇರ ಮುಂದಕ್ಕೆ, ರಸ್ತೆ ನೋಡುವವರ ಹಾಗೆ.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂತು. ಬೇರೆ ದಿನವಾಗಿದ್ದರೆ ಅಂದೇಬಿಡುತ್ತಿದ್ದೆ. ನುಂಗಿಕೊಂಡೆ. ಬಾಲಾನಗರದಲ್ಲಿ ಕಾರು ಮುಂದಕ್ಕೆ ಜಿಗಿದದ್ದು ನಿಜ, ನೀರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಸಕ್ಕರೆ ಕಾಯಿಲೆಗೆ ಜೋಮು ಹಿಡಿದ ಪಾದಕ್ಕೆ, ಚಪ್ಪಲಿ ಕಳಚಿದ್ದು ತಿಳಿಯದ ಹಾಗೆ, ತಾನು ಒತ್ತಿದ ಪೆಡಲ್ ಯಾವುದೆಂದೂ ತಿಳಿದಿರಲಿಲ್ಲ. ನಾವು ಇಡೀ ಚಳಿಗಾಲ ಕೂತು ಕೆಡದೇ ಇದ್ದುದನ್ನು ರಿಪೇರಿ ಮಾಡಿದ್ದೆವು.

"ಕೆಳಗ ನೋಡ್ರಿ" ಅಂದೆ.

ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಯಿಂದ ಮೊಣಕಾಲು ಎತ್ತಿ, ಪಾದವನ್ನು ಬ್ರೇಕಿನ ಮೇಲಿಟ್ಟು, ಕಣ್ಣು ಕೀಳದೆ ಒತ್ತಿದರು. ನಾನು ಹೋಗಿ ಪಾನಾ ತಿರುಗಿಸಿದೆ. ಎಣ್ಣೆ ಸರ್ರನೆ ಬಂತು, ಒಂದು ಗುಳ್ಳೆಯೂ ಇರಲಿಲ್ಲ.

"ಬಂತೇನು?"

"ಬಂತ್ರಿ."

"ಮುಚ್ಚು. ಈ ಕಡೆ ಬಾ. ಇಲ್ಲೇ ನಿಂತು ನನ್ನ ಕಾಲ ನೋಡ್ಕೋತ ಇರು. ನಾ ನೋಡಂಗಿಲ್ಲ."

ಕಣ್ಣು ರಸ್ತೆಯ ಕಡೆ ಇಟ್ಟು, ಕಾಲು ಎತ್ತಿ ಎತ್ತಿ ಬ್ರೇಕ್ ಒತ್ತತೊಡಗಿದರು. ಕೆಲವು ಸಲ ಸರಿಯಾಗಿ ಬಿತ್ತು. ಕೆಲವು ಸಲ ಎರಡು ಪೆಡಲುಗಳ ನಡುವೆ ನೆಲಕ್ಕೆ ಬಿತ್ತು. ಕೆಲವು ಸಲ ಪಕ್ಕದ್ದರ ಮೇಲೆ. ಯಾವುದು ಎಲ್ಲಿ ಬಿತ್ತೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಪರೀಕ್ಷೆ ಬರೆಯುವ ಮಗುವಿನ ತಾಯಿಯ ಹಾಗೆ ಪ್ರತಿ ಸಲವೂ ಸರಿ ಬೀಳಲಿ ಎಂದು ಬೇಡಿಕೊಂಡೆ.

ಕೊನೆಗೆ ನಿಲ್ಲಿಸಿದರು. ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡೇ ಹೇಳಿದರು: "ನಮ್ಮ ಸೆಕ್ಷನ್ನಿನ್ಯಾಗ ತಾ ಮಾಡಿದ್ದಕ್ಕ ತಾನ ಪಾಸ್ ಅನ್ನೂ ಹಂಗಿರಲಿಲ್ಲ. ಎರಡನೇದವರು ನೋಡಿ ಹೇಳಬೇಕು. ನೀ ನೋಡೀದಿ. ಹೇಳು."

ಇಂಥ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ಸುಳ್ಳು ಹೇಳಬಹುದಿತ್ತು. ತೆಳ್ಳನೆಯ ಬೂಟು ಹಾಕಿ ನೋಡೋಣ, ಡಾಕ್ಟರನ್ನು ಕೇಳೋಣ, ಹತ್ತಿರ ಹತ್ತಿರವಷ್ಟೇ ಓಡಿಸಿ ಎಂದು ಜಾರಿಕೊಳ್ಳಬಹುದಿತ್ತು. ಅವೆಲ್ಲ ಬಾಯಿಗೆ ಬಂದವು. ಅವರಾದರೋ ಯಾವುದೋ ಮೀಟರಿನ ಫಲಿತಾಂಶಕ್ಕೆ ಕಾಯುವವರ ಹಾಗೆ ಕಾಯುತ್ತ ಕೂತಿದ್ದರು. ಅಷ್ಟು ಮರ್ಯಾದೆ ಕೊಟ್ಟು ಕೇಳಿದವರಿಗೆ ಸುಳ್ಳು ಹೇಳಲು ಆಗಲಿಲ್ಲ.

"ಇಲ್ರಿ" ಅಂದೆ. "ನೀವು ಓಡಸಬಾರದು."

"ನೋಡೇ ಹೇಳಾಕತ್ತೀಯಲ್ಲ?"

"ನೋಡೇ ಹೇಳಾಕತ್ತೀನ್ರಿ."

ತಲೆ ಆಡಿಸಿದರು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಾಗಿಲು ಹಿಡಿದು ಇಳಿದರು, ನನ್ನ ಕೈಯಿಂದ ಪಾನಾ ತೆಗೆದುಕೊಂಡರು.

"ಕೂಡು ಹೋಗು" ಅಂದರು. "ಬಲಗಡೀ ಗಾಲೀದು ಕಡೀಗೊಮ್ಮೆ ನೋಡೋದು ಉಳದೈತಿ."

"ಈಗ್ಯಾಕ್ರಿ ಅದು?" ಅಂದೆ.

"ಯಾರರೆ ಓಡಸ್ತಾರಲ್ಲ. ಅವರಿಗೆ ಬ್ರೇಕ್ ಬ್ಯಾಡೇನು?"

ಅವರು ಕೂತಿದ್ದ ಸೀಟು ಇನ್ನೂ ಬೆಚ್ಚಗಿತ್ತು. ಕೆಳಗಿನಿಂದ "ಒತ್ತು" ಎಂಬ ಧ್ವನಿ ಬಂತು. ಒತ್ತಿದೆ. "ಹಿಡಿ." ಹಿಡಿದೆ. ಪಾನಾ ತಿರುಗಿದ ಸದ್ದು, ಮತ್ತೆ ಬಿಗಿದ ಸದ್ದು. ಅವರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.

"ಹೆಂಗೈತಿ?" ಎಂದು ಕೇಳಿದರು.

"ಗಟ್ಟಿ ಐತ್ರಿ" ಅಂದೆ.

ಎಲ್ಲಿ ಗಟ್ಟಿ, ನಿನ್ನ ಕಾಲಿಗೇನು ತಿಳೀತೈತಿ ಅನ್ನಲಿ ಎಂದು ಕಾಯುತ್ತ ಕೂತೆ. ಅವರು ಅನ್ನಲಿಲ್ಲ. ನನ್ನ ಮಾತು ನಂಬಿ, ಗಾಲಿ ಎತ್ತಿ ಕೂಡಿಸತೊಡಗಿದರು.