ನೋಟೀಸಿನ ನೆತ್ತಿಯ ಮೇಲೊಂದು ಶ್ರೀ

ಯಾವ ಕಾಗದ ಕೈಗೆ ಬಂದರೂ ಮೊದಲು ಅದರ ನೆತ್ತಿಯ ಮೇಲೆ ಸಣ್ಣದೊಂದು ‘ಶ್ರೀ’ ಬರೆದು ಆಮೇಲೆ ಮುಂದಿನದ್ದು ಬರೆಯುವುದು ಅಕ್ಕ ಕಲಿಸಿದ ಅಭ್ಯಾಸ. ಸ್ಲೇಟಿನ ಮೇಲೆ ಶ್ರೀ ಇಲ್ಲದಿದ್ದರೆ ಲೆಕ್ಕ ಸರಿಯಿದ್ದರೂ ಅವಳು ಒರೆಸಿಬಿಡುತ್ತಿದ್ದಳು. ದಾವಣಗೆರೆಯ ಆ ಸ್ಲೇಟಿನಿಂದ ದೆಹಲಿಯ ಸರ್ಕಾರಿ ಮೇಜಿನವರೆಗೂ ಅದು ನನ್ನ ಬೆನ್ನು ಬಿಡಲಿಲ್ಲ. ದಿನಸಿ ಚೀಟಿಗೆ ಶ್ರೀ, ಬ್ಯಾಂಕಿನ ಚಲನ್ನಿಗೆ ಶ್ರೀ, ಗ್ಯಾಸ್ ತರುವ ಭಯ್ಯಾನಿಗೆ ‘ಪಕ್ಕದ ಮನೆಯಲ್ಲಿ ಕೊಡಿ’ ಎಂದು ಹಿಂದಿಯಲ್ಲಿ ಬರೆದು ಬಾಗಿಲಿಗೆ ಅಂಟಿಸುವ ಚೀಟಿಗೂ ಕನ್ನಡದ ಶ್ರೀ. ಇದನ್ನು ಭಕ್ತಿ ಅಂದರೆ ಸುಳ್ಳಾಗುತ್ತದೆ. ನಾನು ದೇವಸ್ಥಾನದ ದಾರಿ ಹಿಡಿದು ಎಷ್ಟೋ ವರ್ಷಗಳಾಗಿದ್ದವು.

ನಿಜ ಹೇಳಬೇಕೆಂದರೆ ಅದು ಬೇರೆಯದೇ ಹಸಿವು. ನಾನಿದ್ದದ್ದು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಒಬ್ಬಳೇ. ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿಗೆ ಬೇಡ. ಅಕ್ಕನ ಮನೆಗೆ ಫೋನ್ ಬಂದ ಮೇಲೆ ನಮ್ಮ ನಡುವೆ ಪತ್ರ ನಿಂತುಹೋಯಿತು. ಭಾನುವಾರ ಹತ್ತು ನಿಮಿಷ ಮಾತು, ಅದರಲ್ಲೂ ಅರ್ಧ ‘ಕೇಳಿಸ್ತಿದೆಯಾ’ ಅನ್ನುವುದರಲ್ಲೇ ಹೋಗುತ್ತಿತ್ತು. ಎರಡು ಸಾವಿರದ ಇಸವಿಯಾಚೆಯ ಆ ವರ್ಷಗಳಲ್ಲಿ, ಇಡೀ ದಿನದಲ್ಲಿ ನಾನು ಬರೆಯುತ್ತಿದ್ದ ಕನ್ನಡ ಅಂದರೆ ಆ ಒಂದೇ ಅಕ್ಷರ. ಮಿಕ್ಕದ್ದೆಲ್ಲ ಇಂಗ್ಲಿಷು, ಇಲ್ಲವೇ ಹಿಂದಿ.

ಮಾತಾಡುತ್ತಿದ್ದ ಕನ್ನಡಕ್ಕೆ ಮಾತ್ರ ಒಬ್ಬರಿದ್ದರು. ನಮ್ಮದೇ ಮಹಡಿಯಲ್ಲಿ, ಇನ್ನೊಂದು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಮಂಗಳೂರು ಕಡೆಯ ಕ್ರೈಸ್ತರು. ನನಗಿಂತ ಐದಾರು ವರ್ಷ ಹಿರಿಯರು. ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಅವರ ಮಕ್ಕಳು ಅವರಿಗೆ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದುದರಿಂದ ಅವರಿಗೂ ನನ್ನದೇ ಹಸಿವು. ಮಧ್ಯಾಹ್ನ ಊಟದ ಹೊತ್ತಿಗೆ ಕಚೇರಿಯ ಹಿಂದಿನ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದೆವು. “ಎಂತ ವಿಶೇಷ ಮೇಡಂ?” ಎಂದು ಅವರು ಕೇಳುವುದು, “ಏನಿಲ್ಲ ಸರ್” ಎಂದು ನಾನು ಹೇಳುವುದು. ವಿಶೇಷ ಏನೂ ಇರುತ್ತಿರಲಿಲ್ಲ. ಆದರೆ ದಿನಕ್ಕೊಮ್ಮೆ ಹಾಗೆ ಯಾರಾದರೂ ಕೇಳುವುದೇ ನನಗೆ ದೊಡ್ಡದಾಗಿತ್ತು.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಬರೆಯುವ ಮುಂಚೆ ಮುಚ್ಚಳ ತೆಗೆಯದ ಪೆನ್ನಿನಿಂದ ಕಾಗದವನ್ನು ಎರಡು ಸಲ ಸವರುತ್ತಿದ್ದರು. “ಧೂಳು ಒರೆಸ್ತೀರಾ ಸರ್?” ಎಂದು ನಾನು ಕಾಲೆಳೆಯುತ್ತಿದ್ದೆ. “ಹೌದು, ದೆಹಲಿಯ ಧೂಳು ಅಷ್ಟು ಸುಲಭಕ್ಕೆ ಹೋಗ್ಲಿಕ್ಕಿಲ್ಲ” ಎನ್ನುತ್ತಿದ್ದರು.

ಒಮ್ಮೆ ನನ್ನ ಕೈಯಲ್ಲಿದ್ದ ಕರಡಿನ ಮೇಲಿನ ಶ್ರೀ ನೋಡಿ ಅವರೂ ಒಂದು ಮಾತು ಹೇಳಿದ್ದರು. “ಮೇಡಂ, ಇದು ಮನೆಯ ಕಾಗದಕ್ಕೆ ಚಂದ. ಸರ್ಕಾರದ ಕಾಗದಕ್ಕೆ ಬೇಡ. ಅದು ಎಲ್ಲರ ಮನೆಗೂ ಹೋಗುವಂಥದ್ದು.” ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮ ಕಚೇರಿಯ ಮೆಟ್ಟಿಲ ಮೂಲೆಗಳಲ್ಲಿ ಜನ ಪಾನ್ ಉಗುಳಬಾರದೆಂದು ಎಲ್ಲ ಧರ್ಮದ ದೇವರ ಚಿತ್ರವಿರುವ ಟೈಲ್ಸ್ ಅಂಟಿಸಿದ್ದರು. ನಮ್ಮ ಅಂಡರ್ ಸೆಕ್ರೆಟರಿಯ ಕುರ್ಚಿಯ ಹಿಂದೆ ಲಕ್ಷ್ಮಿಯ ಕ್ಯಾಲೆಂಡರ್. ಉಗುಳು ಕಾಯಲು ದೇವರನ್ನು ಕೂರಿಸಿದವರಿಗೆ ಹೇಳದೆ ನನ್ನ ಒಂದಕ್ಷರಕ್ಕೆ ಬುದ್ಧಿ ಹೇಳುತ್ತಾರಲ್ಲ ಅನ್ನಿಸಿತು. “ಕರಡಿನದು ಕರಡಿನಲ್ಲೇ ಉಳಿಯುತ್ತೆ ಸರ್, ಟೈಪಿಸ್ಟಿಗೆ ಕನ್ನಡ ಬರಲ್ಲ” ಎಂದು ಮಾತು ಮುಗಿಸಿದೆ. ಅವರು ಡಬ್ಬಿಯ ಮುಚ್ಚಳ ಹಾಕಿ ಎದ್ದರು.

ಆದರೆ ಒಂದು ದಿನ ಅದು ಕರಡಿನಲ್ಲಿ ಉಳಿಯಲಿಲ್ಲ. ದಕ್ಷಿಣ ದೆಹಲಿಯ ಮನೆಗಳಿಗೆ ನೀರಿನ ಟ್ಯಾಂಕು ತೊಳೆಯುವ ಬಗ್ಗೆ ಹೋಗಬೇಕಿದ್ದ ಒಂದು ನೋಟೀಸು ಟೈಪಾಗಿ, ಅಂಡರ್ ಸೆಕ್ರೆಟರಿಯ ಸಹಿಯೂ ಆಗಿ ನನ್ನ ಮೇಜಿಗೆ ಬಂತು. ಒಂದು ತಾರೀಖು ಬಿಟ್ಟುಹೋಗಿತ್ತು. ಪೆನ್ನು ತೆಗೆದು ಅದನ್ನು ತುಂಬಿಸಿ ಜೆರಾಕ್ಸಿಗೆ ಕಳಿಸಿದೆ. ತಾರೀಖು ತುಂಬಿಸುವ ಮುಂಚೆ ನನ್ನ ಕೈ ತಾನಾಗಿ ಕಾಗದದ ನೆತ್ತಿಗೆ ಹೋಗಿ ತನ್ನ ಕೆಲಸ ಮಾಡಿ ಬಂದಿತ್ತು. ಅದು ನನಗೆ ಗೊತ್ತೇ ಆಗಲಿಲ್ಲ. ಸಿಂಹಗಳ ಸರ್ಕಾರಿ ಮುದ್ರೆಯ ಪಕ್ಕದಲ್ಲಿ ನನ್ನ ಶ್ರೀ ಕೂತು ಮನೆಮನೆಗೂ ಹೋಯಿತು.

ಮೂರನೇ ವಾರ ಅಂಡರ್ ಸೆಕ್ರೆಟರಿ ಕರೆಸಿದರು. ಬಿಹಾರದ ಕಡೆಯವರು, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದವರು. ನೋಟೀಸನ್ನು ನನ್ನ ಕಡೆ ತಿರುಗಿಸಿ, “ಯೇ ಕ್ಯಾ ಹೈ, ಮೇಡಂ?” ಎಂದರು. ಅವರು ಅದನ್ನು ಹೂವಿನ ಚಿತ್ರವೆಂದೇ ತಿಳಿದಿದ್ದರಂತೆ. ಸರ್ಕಾರದ ನೋಟೀಸಿನ ಮೇಲೆ ಒಂದು ಧರ್ಮದ ಗುರುತು ಯಾಕೆ ಎಂದು ದೂರು ಬಂದಿತ್ತು. ಯಾರು ಕೊಟ್ಟದ್ದೆಂದು ಕೇಳಿದೆ. “ನಿಮ್ಮ ಭಾಷೆ ಓದಲು ಬರುವವರು” ಎಂದಷ್ಟೇ ಹೇಳಿ ಫೈಲು ಮುಚ್ಚಿದರು.

ಆಮೇಲೆ ಅವರೇ ಒಂದು ಉಪಾಯ ಹೇಳಿಕೊಟ್ಟರು. ಶ್ರೀ ಅಂದರೆ ಹೆಸರಿಗೆ ಮೊದಲು ಹಾಕುವ ಶ್ರೀ ತಾನೆ, ನಮ್ಮ ಪ್ರತಿ ಫೈಲಿನಲ್ಲೂ ಇದೆಯಲ್ಲ. ಯಾರದೋ ಹೆಸರು ಬರೆಯಲು ಹೊರಟು ಅಲ್ಲಿಗೇ ನಿಲ್ಲಿಸಿದೆ ಎಂದು ಬರೆದುಕೊಡಿ, ಮುಗಿಯಿತು. ನಾನು ಹಾಗೇ ಬರೆದುಕೊಟ್ಟೆ. ಬಡ್ತಿಯ ಪಟ್ಟಿ ತಯಾರಾಗುತ್ತಿದ್ದ ಕಾಲ ಅದು, ನನಗೆ ಭಯವಿತ್ತು.

ಭಯಕ್ಕಿಂತ ಸಿಟ್ಟು ದೊಡ್ಡದಾಗಿತ್ತು. ಆ ಇಡೀ ಕಟ್ಟಡದಲ್ಲಿ ಕನ್ನಡ ಓದಲು ಬರುತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ಸರ್ಕಾರದ ಕಾಗದಕ್ಕೆ ಶ್ರೀ ಬೇಡ ಎಂದು ಆಗಲೇ ಹೇಳಿದ್ದವರು. ಇಷ್ಟು ವರ್ಷ ಒಂದೇ ಬೆಂಚಿನ ಮೇಲೆ ಕೂತು ನನ್ನ ಚಟ್ನಿಪುಡಿ ತಿಂದು ಹೀಗೆ ಮಾಡಿದರಲ್ಲ ಎಂದು ಒಳಗೊಳಗೇ ಕುದಿದೆ. ಬೆಂಚಿಗೆ ಹೋಗುವುದನ್ನು ಬಿಟ್ಟೆ. ಮೇಜಿನ ಮುಂದೆಯೇ ಕೂತು, ಗೋಡೆ ನೋಡುತ್ತ ಊಟ ಮಾಡತೊಡಗಿದೆ.

ನಾಲ್ಕನೇ ದಿನ ಅವರೇ ಬಂದರು. ಕೈಯಲ್ಲಿ ಒಂದು ಮೆಮೊ. ಆ ಗುರುತು ಏನು, ಅದರ ಅರ್ಥವೇನು ಎಂದು ಭಾಷೆ ಬಲ್ಲವರಾಗಿ ಅವರು ಬರೆದುಕೊಡಬೇಕಿತ್ತು.

“ಎಂತ ಬರೀಲಿ ಮೇಡಂ?” ಎಂದು ಮೆಲ್ಲಗೆ ಕೇಳಿದರು.

“ಒಂದು ಸಲ ಬರೆದಾಯ್ತಲ್ಲ ಸರ್” ಎಂದೆ. “ಇನ್ನೊಂದು ಸಲ ಬರೆಯೋಕೆ ನನ್ನನ್ನ್ಯಾಕೆ ಕೇಳ್ತೀರಿ?”

ಅವರು ಮೆಮೊ ಮಡಚಿಕೊಂಡು ಹೊರಟುಹೋದರು. ನಾನು ತಲೆ ಎತ್ತಲಿಲ್ಲ. ಅವರು ಬರೆದದ್ದನ್ನು ಆಮೇಲೆ ಫೈಲಿನಲ್ಲಿ ನೋಡಿದೆ. ಇದು ಕನ್ನಡದ ಶ್ರೀ. ಹೆಸರಿಗೆ ಮೊದಲು ಗೌರವಕ್ಕೂ ಬರೆಯುತ್ತಾರೆ, ಕಾಗದದ ಮೇಲೆ ಒಂಟಿಯಾಗಿ ಬರೆದರೆ ದೇವರ ಸ್ಮರಣೆಗೆ. ಬರೆದವರು ಅಭ್ಯಾಸಬಲದಿಂದ ಬರೆದಿದ್ದಾರೆಯೇ ಹೊರತು ಬೇರೆ ಉದ್ದೇಶವಿಲ್ಲ. ಆದರೂ ಸಾರ್ವಜನಿಕ ನೋಟೀಸಿನ ಮೇಲೆ ಇದು ಇರಬಾರದಿತ್ತು. ಪ್ರತಿ ಮಾತೂ ನಿಜ. ಅದರಿಂದ ನನ್ನ ಸುಳ್ಳು ಬಯಲಾಯಿತು. ಇನ್ನು ಮುಂದೆ ಎಚ್ಚರದಿಂದಿರಿ ಎಂಬ ಎರಡು ಸಾಲಿನ ಪತ್ರ ನನಗೆ ಬಂತು. ಆ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಸುಳ್ಳು ಹೇಳಿದವಳು ನಾನು, ಸಿಟ್ಟು ಮಾತ್ರ ಅವರ ಮೇಲೆ.

ಆರು ತಿಂಗಳು ಅವರ ಜೊತೆ ಮಾತಾಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಅವರು ತಲೆ ಬಾಗಿಸುತ್ತಿದ್ದರು, ನಾನು ನೋಟೀಸ್ ಬೋರ್ಡು ಓದುತ್ತಿದ್ದೆ. ಆ ಚಳಿಗಾಲ ಎಷ್ಟು ಉದ್ದವಾಗಿತ್ತೆಂದರೆ, ಸಂಜೆ ಮನೆಗೆ ಬಂದು ಊರಿನ ಕಾಫಿಪುಡಿ ಪೊಟ್ಟಣದ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ‘ಗಾಳಿಯಾಡದ ಡಬ್ಬಿಯಲ್ಲಿಡಿ.’ ನನ್ನ ದನಿ ನನಗೇ ಅಪರಿಚಿತವಾಗಿ ಕೇಳುತ್ತಿತ್ತು. ಒಂದು ಭಾನುವಾರ ಅಕ್ಕ, “ಯಾಕೇ, ಮಾತು ತಡವರಿಸ್ತೀಯಾ?” ಎಂದು ಕೇಳಿದಳು. ನೆಗಡಿ ಎಂದೆ.

ಅವರಿಗೆ ಕೋಲ್ಕತ್ತೆಗೆ ವರ್ಗವಾಯಿತು. ಬೀಳ್ಕೊಡುಗೆಯ ಸಮೋಸಾ, ಚಹಾ ನಡೆಯುವಾಗ ನಾನು ಬಾಗಿಲ ಬಳಿ ನಿಂತು, ಯಾರೂ ನೋಡದಾಗ ಹೊರಟುಬಂದೆ. ಅದೇ ವಾರದ ಶುಕ್ರವಾರ, ಹಳೆಯ ಫೈಲುಗಳನ್ನು ರೆಕಾರ್ಡ್ ರೂಮಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಶ್ರೀ ಫೈಲೂ ಇತ್ತು. ಮೊದಲು ನನಗೆ ತೋರಿಸದೆ ಇಟ್ಟಿದ್ದ ದೂರಿನ ಪತ್ರ ಕೊನೆಯಲ್ಲಿ ಹೊಲಿಸಿಕೊಂಡು ಕೂತಿತ್ತು.

ವಸಂತ್ ಕುಂಜ್‌ನ ಒಂದು ಫ್ಲ್ಯಾಟಿನಿಂದ ಒಬ್ಬ ಹೆಂಗಸು ಬರೆದದ್ದು. ಇಂಗ್ಲಿಷಿನಲ್ಲಿ ದೂರು, ಅದರ ಕೆಳಗೆ ಪೆನ್ಸಿಲಿನಲ್ಲಿ ಕನ್ನಡದ ನಾಲ್ಕು ಸಾಲು. ‘ಇದನ್ನು ಬರೆದವರು ಯಾರೋ ನಮ್ಮವರೇ ಇರಬೇಕು. ದೆಹಲಿಯಲ್ಲಿ ನಮ್ಮ ಅಕ್ಷರ ನೋಡಿ ಕಣ್ಣು ತುಂಬಿತು. ಆದರೆ ಇದೇ ನೋಟೀಸು ನನ್ನ ಎದುರು ಮನೆಗೂ ಬಂದಿದೆ, ಅವರ ದೇವರು ಬೇರೆ. ಇದೇನು ಅಂತ ಅವರು ಕೇಳಿದಾಗ ನನಗೆ ಹೇಳಲು ನಾಚಿಕೆಯಾಯಿತು, ಬೇಸರ ಮಾಡಿಕೊಳ್ಳಬೇಡಿ.’ ಪತ್ರದ ನೆತ್ತಿಯ ಮೇಲೆ ಸಣ್ಣದಾಗಿ ಶ್ರೀ ಇತ್ತು. ಅದು ಅವರ ಸ್ವಂತ ಪತ್ರ, ಅಲ್ಲಿ ಅದು ಇರಬಹುದಿತ್ತು.

ನಾನು ಫೈಲು ಮುಚ್ಚಿದೆ. ಇಡೀ ದೆಹಲಿಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ ಎಂದು ನಾನು ನಂಬಿಬಿಟ್ಟಿದ್ದೆನಲ್ಲ. ಒಂಟಿತನ ನನ್ನ ಕಣ್ಣನ್ನು ಅಷ್ಟು ಕಿರಿದು ಮಾಡಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಅವರು ಕ್ರೈಸ್ತರಾಗಿರದಿದ್ದರೆ ನನಗೆ ಅಷ್ಟು ಬೇಗ ಅನುಮಾನ ಬರುತ್ತಿತ್ತೇ ಎಂಬ ಪ್ರಶ್ನೆ ಎದ್ದಿತು. ಉತ್ತರ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಸರೋಜಿನಿ ನಗರದ ಅವರ ಕ್ವಾರ್ಟರ್ಸಿಗೆ ನಡೆದುಕೊಂಡೇ ಹೋದೆ. ಮಾರ್ಕೆಟ್ಟಿನಲ್ಲಿ ಆಗಲೇ ಬೇಸಿಗೆ ಬಟ್ಟೆಗಳ ರಾಶಿ ಬಿದ್ದಿತ್ತು. ಬಾಗಿಲು ತೆರೆದ ಮಗಳು ಒಳಗೆ ತಿರುಗಿ, “ಪಾಪಾ, ಆಫೀಸ್ ಸೇ ಆಂಟಿ ಆಯೀ ಹೈ” ಎಂದಳು. ಹಗ್ಗ ಕಟ್ಟಿದ ಪೆಟ್ಟಿಗೆಗಳ ನಡುವೆ ಅವರು ಬನಿಯನ್ನಿನಲ್ಲಿ ನಿಂತಿದ್ದರು. ಅಂಗಿ ಹಾಕಿಕೊಂಡು ಬಂದು ಒಂದು ಪೆಟ್ಟಿಗೆಯ ಮೇಲಿನ ಧೂಳು ಒರೆಸಿ ಕೂರಲು ಹೇಳಿದರು.

“ಎಂತ ವಿಶೇಷ ಮೇಡಂ?”

“ದೂರು ಕೊಟ್ಟದ್ದು ನೀವಲ್ಲ ಅಂತ ನಿನ್ನೆ ಗೊತ್ತಾಯ್ತು ಸರ್. ತಪ್ಪಾಯ್ತು.”

“ನೀವು ಹಾಗೆ ಗ್ರಹಿಸಿದ್ದು ನನಗೆ ಗೊತ್ತುಂಟು.”

“ನಾನಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ.”

ಅವರು ಕಿಟಕಿಯ ಕಡೆ ನೋಡಿದರು. “ಹೇಳಬಹುದಿತ್ತು. ಆದ್ರೆ ನಿಮಗೂ ನಾನು ಅದನ್ನು ಹೇಳ್ಬೇಕಾಯ್ತಲ್ಲ ಅಂತ ಅನಿಸಿತು. ಆಮೇಲೆ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಅವರ ಹೆಂಡತಿ ಚಹಾ ತಂದಿಟ್ಟು ಹೋದರು. ಕೋಲ್ಕತ್ತೆಯ ವಿಳಾಸ ಬರೆದುಕೊಡುತ್ತೇನೆಂದು ಅವರು ಒಂದು ಚೀಟಿ ತೆಗೆದರು. ಮುಚ್ಚಳ ಹಾಕಿದ ಪೆನ್ನನ್ನು ಕಾಗದದ ನೆತ್ತಿಗೆ ತಂದು ಒಮ್ಮೆ ಮೇಲಿಂದ ಕೆಳಕ್ಕೆ, ಒಮ್ಮೆ ಎಡದಿಂದ ಬಲಕ್ಕೆ ಸವರಿದರು. ಅಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೆ, ಆ ದಿನ ಮೊದಲ ಸಲ ಎದುರಿನಿಂದ ನೋಡಿದೆ.

“ಅದು ಶಿಲುಬೆ” ಎಂದೆ.

“ಹೌದು” ಎಂದರು, ಸಿಕ್ಕಿಬಿದ್ದವರ ಹಾಗೆ ಸಣ್ಣಗೆ ನಕ್ಕು. “ಸಣ್ಣದಿರುವಾಗ ಅಮ್ಮ ಕಲಿಸಿದ್ದು. ನೌಕರಿಗೆ ಸೇರಿದ ದಿನ ಬಿಡ್ಬೇಕು ಅಂತ ಮಾಡಿದೆ, ಕೈ ಕೇಳ್ಲಿಲ್ಲ. ಮತ್ತೆ ಮುಚ್ಚಳ ತೆಗೆಯುವುದನ್ನು ಬಿಟ್ಟೆ.” ಆಮೇಲೆ ಮುಚ್ಚಳ ತೆಗೆದು, ಶಾಲೆಯ ಮಕ್ಕಳ ಹಾಗೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ ವಿಳಾಸ ಬರೆದುಕೊಟ್ಟರು.

ಆ ವಿಳಾಸಕ್ಕೆ ಎರಡು ಪತ್ರ ಬರೆದೆ. ಒಂದಕ್ಕೆ ಕ್ರಿಸ್ಮಸ್ ಕಾರ್ಡು ಬಂತು, ಇನ್ನೊಂದಕ್ಕೆ ಏನೂ ಬರಲಿಲ್ಲ. ನಾನು ಅವರನ್ನು ದೂರುವುದಿಲ್ಲ.

ಅವರ ಮನೆಗೆ ಹೋಗಿಬಂದ ಮೇಲಿನ ಸೋಮವಾರ ಕಚೇರಿಗೆ ಹೋದಾಗ ಮೊದಲು ಕೈಗೆ ಬಂದದ್ದು ಒಂದು ನೋಟೀಸಿನ ಕರಡು. ಪೆನ್ನಿನ ಮುಚ್ಚಳ ತೆಗೆಯದೆ ಕಾಗದದ ನೆತ್ತಿಯ ಮೇಲೆ ಶಕಾರ ಎಳೆದೆ, ದೀರ್ಘ ಎಳೆದೆ, ರವೊತ್ತು ಕೊಟ್ಟೆ. ಕಾಗದ ಬೆಳ್ಳಗೇ ಉಳಿಯಿತು. ಮುಚ್ಚಳ ತೆಗೆದು ಇಂಗ್ಲಿಷಿನಲ್ಲಿ ಮುಂದಿನದ್ದು ಬರೆದೆ. ಮಧ್ಯಾಹ್ನ ಬೆಂಚಿಗೆ ಹೋಗಿ, ನನ್ನ ಮಾಮೂಲಿ ತುದಿಯಲ್ಲೇ ಕೂತು ಡಬ್ಬಿ ಬಿಚ್ಚಿದೆ. ಸಂಜೆ ಮನೆಯ ಬೀಗಕ್ಕೆ ಕೀಲಿ ಹಾಕುವಾಗ ಹೊಳೆಯಿತು, ಆ ದಿನ ನಾನು ಕನ್ನಡದಲ್ಲಿ ಒಂದು ಮಾತೂ ಆಡಿರಲಿಲ್ಲ, ಒಂದಕ್ಷರವೂ ಬರೆದಿರಲಿಲ್ಲ.